ಕಿರುರೈಲಿನ ಗುರುಗಳು

ಯಾವ ವಿದ್ಯೆಗೇ ಆಗಲಿ, ಅದರ ಹಿಂದೆ ಒಂದು ಗುರುಪರಂಪರೆ ಇದ್ದೇ ಇರುತ್ತದೆ. ಸಂಗೀತ ವಿದ್ವಾಂಸರು ತಮ್ಮ ಗುರುಗಳ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ನೆನೆದು, ಅವರ ಋಣವನ್ನು ಒಪ್ಪಿಕೊಂಡ ಮೇಲೆಯೇ ಕಥೆಗೆ ಕೈಹಾಕುವುದು ನಮ್ಮ ಸಾಹಿತ್ಯದ ಹಳೆಯ ಶಿಷ್ಟಾಚಾರ. ಹವ್ಯಾಸವೆಂಬ ಮಾತು ಬಂದಾಗ ಮಾತ್ರ ಈ ಶಿಷ್ಟಾಚಾರ ನಮಗೆ ಮರೆತುಹೋಗುತ್ತದೆ. ಅದು ಬಿಡುವಿನ ವೇಳೆಯ ಚಪಲ. ಅದಕ್ಕೆ ಗುರುವೆಂತು, ಪರಂಪರೆಯೆಂತು ಎಂದು ಪಕ್ಕಕ್ಕೆ ಸರಿಸಿಬಿಡುತ್ತೇವೆ.

ನಾನು ಇಲ್ಲಿ ಪ್ರಸ್ತಾಪಿಸಬೇಕೆಂದಿರುವುದು ಮಾದರಿ ರೈಲಿನ ಹವ್ಯಾಸವನ್ನು. ಕನ್ನಡದ ಉಪನ್ಯಾಸಕನಿಗೂ ರೈಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂದು ತೋರಿಸುವುದೇ ಈ ಲೇಖನದ ಉದ್ದೇಶವಾದ್ದರಿಂದ ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ. ಮಾದರಿ ರೈಲೆಂದರೆ ಮಕ್ಕಳ ಕೀಲಿ ಕೊಟ್ಟ ಆಟಿಕೆಯಲ್ಲ. ನಿಜವಾದ ಒಂದು ರೈಲುಮಾರ್ಗವನ್ನು, ಅದರ ಇಂಜಿನ್ನು, ಡಬ್ಬಿ, ಹಳಿ, ಕೈಕಂಬಗಳೊಡನೆ, ಅದು ಹಾದುಹೋಗುವ ಊರು, ಕೆರೆ, ಹೊಲ, ದಿಣ್ಣೆಗಳೊಡನೆ, ಒಂದು ಗೊತ್ತಾದ ಪ್ರಮಾಣದಲ್ಲಿ ಕಿರಿದುಗೊಳಿಸಿ ಕಟ್ಟುವ ಕಲೆ ಅದು. ಎಂಬತ್ತೇಳರಲ್ಲಿ ಒಂದು ಪಾಲೆಂಬುದು ಈ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ. ಆ ಲೆಕ್ಕದಲ್ಲಿ ಆರಡಿಯ ಆಳು ಎರಡು ಸೆಂಟಿಮೀಟರಿಗೆ ಇಳಿಯುತ್ತಾನೆ. ಅವನ ತಲೆಯ ಪೇಟವೂ ಕೈಯ ಹಸಿರು ಬಾವುಟವೂ ಅದೇ ಪ್ರಮಾಣಕ್ಕೆ ಇಳಿಯಬೇಕು. ಇದಕ್ಕೆ ಬೇಕಾದ ಶ್ರದ್ಧೆ ಎಷ್ಟೆಂಬುದನ್ನು ನಾನು ಬಣ್ಣಿಸಿ ಹೇಳಬೇಕಾಗಿಲ್ಲ.

ಪಶ್ಚಿಮ ದೇಶಗಳಲ್ಲಿ ಈ ಕಲೆಗೆ ಬಹಿರಂಗವಾಗಿಯೇ ಗುರುಗಳುಂಟು. ಜರ್ಮನಿಯ ಮಾರ್ಕ್ಲಿನ್ ಮನೆತನದವರು ೧೮೯೧ರಲ್ಲಿ ಲೀಪ್‌ಜಿಗ್ ಮೇಳದಲ್ಲಿ ಆಟದ ರೈಲಿನ ಹಳಿಗಳಿಗೆ ಗೊತ್ತಾದ ಅಗಲಗಳನ್ನು ನಿಗದಿಮಾಡಿ ತಂದರು. ಇಂಗ್ಲೆಂಡಿನಲ್ಲಿ ಬ್ಯಾಸೆಟ್-ಲೋಕ್, ಹಾರ್ನ್‌ಬಿ ಮೊದಲಾದವರು ಅದನ್ನು ಮನೆಮನೆಗೂ ಮುಟ್ಟಿಸಿದರು. ಇವರೆಲ್ಲ ವ್ಯಾಪಾರಿಗಳು, ಇವರ ಉಪಕಾರ ದೊಡ್ಡದಾದರೂ ಗುರುವೆಂಬ ಪದವನ್ನು ನಾನು ಇವರಿಗೆ ಸಲ್ಲಿಸಲಾರೆ. ಇವರು ಮಾರಿದ್ದು ರೈಲನ್ನು. ರೈಲು ಎಲ್ಲಿಂದ ಎಲ್ಲಿಗೆ, ಯಾರಿಗಾಗಿ ಹೋಗುತ್ತದೆಂಬ ಪ್ರಶ್ನೆ ಅಂಗಡಿಯಲ್ಲಿ ಹುಟ್ಟುವಂಥದಲ್ಲ.

ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಮೊದಲಿಗರೆಂದು ಜಾನ್ ಅಹರ್ನ್ ಎಂಬಾತನನ್ನು ಹೇಳಬೇಕು. ೧೯೩೦ರ ದಶಕದ ಮಾತು. ಅಲ್ಲಿಯವರೆಗೆ ಹವ್ಯಾಸಿಗಳ ಕಣ್ಣೆಲ್ಲ ಇಂಜಿನ್ನಿನ ಮೇಲೆಯೇ. ಬರಿಯ ಹಲಗೆಯ ಮೇಲೆ ಹಳಿ ಹಾಸಿ, ಅದರ ಮೇಲೆ ಥಳಥಳಿಸುವ ಇಂಜಿನ್ನನ್ನು ಓಡಿಸಿದರೆ ಕೆಲಸ ಮುಗಿಯಿತೆಂದು ತಿಳಿದಿದ್ದರು. ಅಹರ್ನ್ 'ಮ್ಯಾಡರ್ ವ್ಯಾಲಿ' ಎಂಬ ಕಲ್ಪಿತ ಕಣಿವೆಯೊಂದನ್ನು ಕಟ್ಟಿ, ಅದರಲ್ಲಿ ಬೀದಿಗಳನ್ನೂ ಅಂಗಡಿಗಳನ್ನೂ ಬಂದರನ್ನೂ ಇಟ್ಟು, ಅವುಗಳ ನಡುವೆ ಒಂದು ಬಡ ರೈಲನ್ನು ಓಡಿಸಿದ. ಊರು ಮೊದಲು, ರೈಲು ಆಮೇಲೆ. ಈ ಕ್ರಮವ್ಯತ್ಯಾಸ ಸಣ್ಣದಾಗಿ ಕಂಡರೂ ಅದರಿಂದ ಆಟಿಕೆಯು ಕಲೆಯಾಯಿತು. ಅಹರ್ನ್ ತೀರಿಕೊಂಡದ್ದು ೧೯೬೧ರಲ್ಲಿ. ಅವನ ಕಣಿವೆ ಇಂದಿಗೂ ಇಂಗ್ಲೆಂಡಿನ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ.

ಆ ಪೆಂಡನ್ನಿನ ಕಥೆಯೂ ಕೇಳತಕ್ಕದ್ದು. ರಾಯ್ ಇಂಗ್ಲೆಂಡ್ ಎಂಬಾತ, ಹೆಸರು ಇಂಗ್ಲೆಂಡ್ ಆದರೂ ಹುಟ್ಟಿನಿಂದ ಆಸ್ಟ್ರೇಲಿಯದವನು, ೧೯೨೫ರಲ್ಲಿ ಆ ದೇಶಕ್ಕೆ ಬಂದ. ಬಂದು ನೋಡುತ್ತಾನೆ: ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ರೂಪಗೆಡುತ್ತಿವೆ, ಹೊಸ ಚಾವಣಿ, ಹೊಸ ಬಣ್ಣ, ಹೊಸ ಕಿಟಕಿ. ತಡೆಯುವ ಅಧಿಕಾರ ಅವನಿಗಿರಲಿಲ್ಲ. ಅಷ್ಟು ಹಣವೂ ಇರಲಿಲ್ಲ. ಕಿರಿದಾಗಿಯಾದರೂ ಇವನ್ನು ಉಳಿಸುತ್ತೇನೆಂದು ಅಳತೆಪಟ್ಟಿ ಹಿಡಿದು ಹೊರಟ. ಒಂದೊಂದು ಮನೆಯ ಹೆಂಚು, ಇಟ್ಟಿಗೆ, ಅಂಗಳದ ಹೂಗಿಡವನ್ನೂ ಬಿಡದೆ ಬರೆದುಕೊಂಡು, ಕಾಗದದಲ್ಲಿಯೂ ರಟ್ಟಿನಲ್ಲಿಯೂ ಮತ್ತೆ ಕಟ್ಟತೊಡಗಿದ. ೧೯೫೪ರಲ್ಲಿ ಪ್ರಾರಂಭವಾದ ಆ ಸಂಗ್ರಹಾಲಯದಲ್ಲಿ ಒಂದಿಡೀ ಸೀಮೆಯ ಗ್ರಾಮಜೀವನ ಈಗ ಮೇಜಿನ ಮೇಲೆ ಹರಡಿ ನಿಂತಿದೆ. ಇದನ್ನು ಓದಿದಾಗ ನನಗೆ ಗೊರೂರರ 'ಹಳ್ಳಿಯ ಚಿತ್ರಗಳು' ನೆನಪಾಯಿತು. ಕಣ್ಣೆದುರು ಕರಗುತ್ತಿರುವ ಹಳ್ಳಿಯನ್ನು ಒಬ್ಬರು ಮಾತಿನಲ್ಲಿ ಹಿಡಿದಿಟ್ಟರು, ಇನ್ನೊಬ್ಬರು ರಟ್ಟಿನಲ್ಲಿ. ಮೊದಲನೆಯದನ್ನು ನಾವು ಪಠ್ಯವಾಗಿ ಓದಿಸುತ್ತೇವೆ, ಎರಡನೆಯದನ್ನು ಹುಡುಗಾಟವೆನ್ನುತ್ತೇವೆ. ಈ ಭೇದಕ್ಕೆ ಕಾರಣವೇನೆಂದು ನನಗೆ ತಿಳಿಯುತ್ತಿಲ್ಲ.

ಅಮೆರಿಕದಲ್ಲಿ ಈ ಸ್ಥಾನ ಜಾನ್ ಆಲೆನ್‌ನದು. ವೃತ್ತಿಯಿಂದ ಛಾಯಾಗ್ರಾಹಕ. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ನೆಲದಿಂದ ಚಾವಣಿಯವರೆಗೆ ಪರ್ವತಗಳನ್ನೆಬ್ಬಿಸಿ, ಕಮರಿಗಳ ಮೇಲೆ ಸೇತುವೆಗಳನ್ನು ಹಾಯಿಸಿ, ರೈಲು ಓಡಿಸಿದವನು. ತನ್ನ ರೈಲಿಗೆ ಅವನಿಟ್ಟ ಹೆಸರನ್ನು ಗಟ್ಟಿಯಾಗಿ ಓದಿದರೆ 'ರಕ್ತಸಿಕ್ತ, ಪರಾಜಿತ' ಎಂಬ ಅರ್ಥ ಇಂಗ್ಲಿಷಿನಲ್ಲಿ ಹೊರಡುತ್ತದೆಂದ ಮೇಲೆ ಅವನ ವಿನೋದಬುದ್ಧಿ ಎಂಥದೆಂದು ಊಹಿಸಬಹುದು. ಡಬ್ಬಿಗಳನ್ನು ಅತ್ತಿತ್ತ ಎಳೆಯಲು ಒಂದು ಡೈನೋಸಾರನ್ನೂ ಕೆಲಸಕ್ಕಿಟ್ಟುಕೊಂಡಿದ್ದ! ಇದು ಹಾಗಿರಲಿ. ಅವನಿಂದ ಜಗತ್ತಿನ ಹವ್ಯಾಸಿಗಳು ಕಲಿತದ್ದು ಮುಖ್ಯವಾಗಿ ಎರಡು ವಿಷಯ. ಒಂದು, ಹೊಸ ಇಂಜಿನ್ನಿನ ಹೊಳಪನ್ನು ಉದ್ದೇಶಪೂರ್ವಕವಾಗಿ ಕೆಡಿಸಿ ಮಸಿ, ಧೂಳು, ತುಕ್ಕುಗಳ ಬಣ್ಣ ಬಳಿಯುವುದು. ದುಡಿದ ವಸ್ತುವಿಗೆ ದುಡಿಮೆಯ ಗುರುತು ಬೇಕೆಂಬುದು. ಇನ್ನೊಂದು, ಇಕ್ಕಟ್ಟಾದ ಕೋಣೆಯಲ್ಲಿ ಕನ್ನಡಿಗಳನ್ನು ಜಾಣತನದಿಂದ ನಿಲ್ಲಿಸಿ ಸ್ಥಳವನ್ನು ಇಮ್ಮಡಿಯಾಗಿ ಕಾಣಿಸುವುದು. ೧೯೭೩ರ ಜನವರಿಯಲ್ಲಿ ಆಲೆನ್ ಹೃದಯಾಘಾತದಿಂದ ತೀರಿಕೊಂಡ. ಹತ್ತು ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಅವನ ಪರ್ವತಗಳೆಲ್ಲ ಬೂದಿಯಾದವು. ಉಳಿದದ್ದು ಅವನು ತೆಗೆದ ಚಿತ್ರಗಳು ಮತ್ತು ಅವನ್ನು ನೋಡಿ ಕಲಿತ ಸಾವಿರಾರು ಜನ ಶಿಷ್ಯರು.

ಇಷ್ಟನ್ನು ಓದಿ ತಿಳಿದುಕೊಂಡ ಮೇಲೆ ನನಗೆ ಒಂದು ಬಗೆಯ ನಗು ಬಂದಿತೆಂದರೆ ವಾಚಕರು ತಪ್ಪು ತಿಳಿಯಬಾರದು. ಅದು ಅವಹೇಳನದ ನಗುವಲ್ಲ, ಪರಿಚಯದ ನಗು. ಕನ್ನಡಿಯನ್ನಿಟ್ಟು ಸ್ಥಳವನ್ನು ಹಿಗ್ಗಿಸುವುದು, ರೈಲಿಗಿಂತ ಮೊದಲು ಊರನ್ನು ಕಟ್ಟುವುದು, ಹೊಸತನ್ನು ಹಳತು ಮಾಡುವುದು, ಇವೆಲ್ಲವನ್ನೂ ನಾನು ಪ್ರಾಥಮಿಕ ಶಾಲೆಯ ಹುಡುಗನಾಗಿದ್ದಾಗಲೇ ಮೇಲೂರಿನ ನಮ್ಮ ಮನೆಯ ನಡುಮನೆಯಲ್ಲಿ ನೋಡಿದ್ದೆ. ಮಾಡಿದವರು ನಮ್ಮ ಅಜ್ಜಿ. ಸಂದರ್ಭ, ದಸರೆಯ ಗೊಂಬೆಹಬ್ಬ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಸಂಪ್ರದಾಯ ಎಲ್ಲರಿಗೂ ಗೊತ್ತಿರುವುದೇ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳು, ದೇವಾನುದೇವತೆಗಳು, ಸೆಟ್ಟಿ ದಂಪತಿಗಳು ಕುಳಿತ ಮೇಲೆ, ಕೆಳಗೆ ನೆಲದ ಮೇಲೆ ಉಳಿಯುವ ಜಾಗವುಂಟಲ್ಲ, ಮನೆಯೊಡತಿಯ ಪ್ರತಿಭೆಗೆ ಅದೇ ರಂಗಭೂಮಿ. ಮೆಟ್ಟಿಲಿಗೆ ಶಾಸ್ತ್ರವುಂಟು, ನೆಲಕ್ಕೆ ಶಾಸ್ತ್ರವಿಲ್ಲ. ಅಲ್ಲಿ ಮದುವೆಯ ಮೆರವಣಿಗೆ ಬರಬಹುದು, ಕಾಡು ಬೆಳೆಯಬಹುದು, ಸಂತೆ ನೆರೆಯಬಹುದು. ನಮ್ಮ ಅಜ್ಜಿ ಪ್ರತಿವರ್ಷವೂ ಅಲ್ಲಿ ಒಂದು ಊರನ್ನೂ ಅದರ ಮಗ್ಗುಲಲ್ಲಿ ಒಂದು ರೈಲು ನಿಲ್ದಾಣವನ್ನೂ ಕಟ್ಟುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಮೊದಲೇ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿಟ್ಟಿರುತ್ತಿದ್ದರು. ಅದು ಹಬ್ಬದ ವೇಳೆಗೆ ಎರಡು ಬೆರಳುದ್ದ ಬೆಳೆದು ಪೈರಿನ ಹೊಲವಾಗುತ್ತಿತ್ತು. ಕಟ್ಟು ಕಳಚಿದ ಮುಖ ನೋಡುವ ಕನ್ನಡಿ ಕೆರೆಯಾಗುತ್ತಿತ್ತು. ಅದನ್ನು ಗೋಡೆಗೆ ತಾಗಿಸಿ ತುಸು ಓರೆಯಾಗಿ ಇಟ್ಟರೆ ಹಿಂದಿನ ಗುಡ್ಡವೂ ಅದರಲ್ಲಿ ಬಿಂಬಿಸಿ, ಒಂದು ಗುಡ್ಡ ಎರಡಾಗುತ್ತಿತ್ತು. ನಮ್ಮದು ರೇಷ್ಮೆಯ ಸೀಮೆಯಾದ್ದರಿಂದ ಮುರಿದ ಚಂದ್ರಿಕೆಗೆ ಕೊರತೆಯಿಲ್ಲ. ಹುಳುಗಳು ಗೂಡು ಕಟ್ಟುವ ಆ ತಟ್ಟಿಯ ಬಿದಿರ ಸೀಳುಗಳೇ ಹಳಿಗಳು. ಬೆಂಕಿಪೊಟ್ಟಣಗಳು ಡಬ್ಬಿಗಳು. ಊದುಬತ್ತಿಯ ಕಡ್ಡಿ ಕೈಕಂಬ. ಮಾರಾಟಕ್ಕೆ ಬಾರದ ಕೆಟ್ಟ ಗೂಡುಗಳನ್ನು ಮಾಲುಗಾಡಿಯಲ್ಲಿ ತುಂಬಿದರೆ ಅವೇ ಮೂಟೆಗಳು.

ಒಂದು ವರ್ಷ ಚಿಕ್ಕಪ್ಪನವರು ಚನ್ನಪಟ್ಟಣದಿಂದ ಅರಗಿನ ಬಣ್ಣದ ಮರದ ಇಂಜಿನ್ನೊಂದನ್ನು ತಂದುಕೊಟ್ಟರು. ಕೆಂಪು ಹಳದಿಗಳ ಮಿಂಚು ಕಣ್ಣು ಕೋರೈಸುತ್ತಿತ್ತು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೋ ಇದು, ಮದುವೆ ಹೆಣ್ಣಿನ ಹಾಗೆ ಲಕಲಕ ಅಂತಿದೆ! ದುಡಿಯೋ ಗಾಡಿ ಹೀಗಿರುತ್ತೇನೋ?" ಎಂದವರೇ, ದೀಪದ ಕಾಡಿಗೆಯನ್ನು ಬೆರಳಿನಿಂದ ತೆಗೆದು ಅದರ ಮೂತಿಗೂ ಚಕ್ರಕ್ಕೂ ಸವರಿಬಿಟ್ಟರು. ನಾನು ಅತ್ತೆನೆಂದು ನೆನಪು. ಮಾಂಟೆರೆಯ ಛಾಯಾಗ್ರಾಹಕನ ಹೆಸರನ್ನು ಕೇಳುವ ಸಂಭವವೇ ಇಲ್ಲದ ಮುದುಕಿ, ಅವನ ತತ್ತ್ವದ ಅರ್ಧವನ್ನು ಬೆರಳ ತುದಿಯಲ್ಲಿ ಮಾಡಿ ಮುಗಿಸಿದ್ದರು.

ನನ್ನ ವಾದ ಇಷ್ಟೆ. ಮಾದರಿ ರೈಲು ಪರದೇಶದಿಂದ ಬಂದ ಸಿರಿವಂತರ ಷೋಕಿ, ನಮ್ಮಲ್ಲಿ ಅದಕ್ಕೆ ಬೇರಿಲ್ಲ ಎಂಬ ಮಾತನ್ನು ಮಿತ್ರರು ಆಗಾಗ ಹೇಳುವುದುಂಟು. ಬೇರು ಇದೆ. ಬೇರಿರುವುದು ಗೊಂಬೆಹಬ್ಬದ ನಡುಮನೆಯಲ್ಲಿ. ಈ ನಾಡಿನಲ್ಲಿ ಕಿರುಲೋಕವನ್ನು ಕಟ್ಟುವ ಕಲೆಯನ್ನು ತಲೆಮಾರುಗಳ ಕಾಲ ಬದುಕಿಸಿಕೊಂಡು ಬಂದವರು ಹೆಂಗಸರು. ಪಶ್ಚಿಮದ ಹವ್ಯಾಸಿಗಳು ತಮ್ಮ ಗುರುಗಳ ಪಟ್ಟಿ ಮಾಡಿದಾಗ ಅದರಲ್ಲಿ ಹೆಂಗಸರ ಹೆಸರುಗಳು ಬಲು ಅಪರೂಪ. ನಮ್ಮವರು ಪಟ್ಟಿ ಮಾಡಿದರೆ ಮೊದಲನೆಯ ಹೆಸರೇ ಹೆಣ್ಣಿನದಾಗಬೇಕು. ಆದರೆ ಆ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ವಿಜಯದಶಮಿಯ ಮರುದಿನ ಊರೂ ಕೆರೆಯೂ ನಿಲ್ದಾಣವೂ ಮೊರಕ್ಕೆ ಬಿದ್ದು ಮರಳು ಹಿತ್ತಿಲಿಗೆ ಹೋಗುತ್ತಿತ್ತು.

ಈ ಕಲೆಯಲ್ಲಿ ಚಿನ್ನದ ಬಂಡಿಯ ಪಂಥವೊಂದು, ಮಣ್ಣಿನ ಬಂಡಿಯ ಪಂಥವೊಂದು ಉಂಟೆಂದು ನಾನು ತಿಳಿದಿದ್ದೇನೆ. ಶೂದ್ರಕನ 'ಮೃಚ್ಛಕಟಿಕ'ವನ್ನು ಓದಿದವರಿಗೆ ಚಾರುದತ್ತನ ಮಗ ರೋಹಸೇನನ ಅಳು ಮರೆಯುವಂಥದಲ್ಲ. ನೆರೆಮನೆಯ ಹುಡುಗನಲ್ಲಿ ಚಿನ್ನದ ಆಟದ ಬಂಡಿ. ತನಗೆ ದಾಸಿ ಮಾಡಿಕೊಟ್ಟದ್ದು ಮಣ್ಣಿನದು. ವಸಂತಸೇನೆ ತನ್ನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ನಾಟಕಕ್ಕೆ ಹೆಸರು ಬಂದದ್ದು ಆ ಬಂಡಿಯಿಂದಲೇ ಹೊರತು ಚಿನ್ನದ ಬಂಡಿಯಿಂದಲ್ಲ. ಗ್ವಾಲಿಯರಿನ ಅರಮನೆಯಲ್ಲಿ ಊಟದ ಮೇಜಿನ ಸುತ್ತ ಹಳಿ ಹಾಕಿ, ಅತಿಥಿಗಳಿಗೆ ಪಾನೀಯ ಹಂಚಲು ಸಿಂಧಿಯಾ ಮಹಾರಾಜರು ಓಡಿಸುತ್ತಿದ್ದ ಬೆಳ್ಳಿಯ ರೈಲನ್ನು ಇಂದಿಗೂ ಪ್ರವಾಸಿಗಳು ಬಾಯಿ ತೆರೆದು ನೋಡುತ್ತಾರೆ. ಸೊಗಸಾದದ್ದೇ, ಆದರೆ ಅದರಿಂದ ಯಾರಿಗಾದರೂ ರೈಲು ಕಟ್ಟುವ ಹುಮ್ಮಸ್ಸು ಬಂದಿತೆಂದು ನಾನು ನಂಬಲಾರೆ. ಬೆರಗು ಹುಟ್ಟಿಸುವ ವಸ್ತು ಬೇರೆ, ಕೈ ತುರಿಸುವಂತೆ ಮಾಡುವ ವಸ್ತು ಬೇರೆ. ಇಂಗ್ಲೆಂಡಿನ ಪಾದ್ರಿ ಆಡ್ರಿ ತನ್ನ ಮಗನಿಗಾಗಿ ಪೊರಕೆಯ ಹಿಡಿಯ ತುಂಡಿನಿಂದ ಮಾಡಿಕೊಟ್ಟ ಇಂಜಿನ್ನೇ ಥಾಮಸ್ ಎಂಬ ಹೆಸರಿನಿಂದ ಈಗ ಲೋಕದ ಮಕ್ಕಳಿಗೆಲ್ಲ ಪರಿಚಿತವಾಗಿದೆ. ಆ ಮಗು ದಡಾರದಿಂದ ಮಲಗಿದ್ದಾಗ ಹೇಳಿದ ಕಥೆಗಳು ೧೯೪೫ರಿಂದ ಪುಸ್ತಕಗಳಾಗಿ ಬಂದವು. ಪೊರಕೆಯ ಹಿಡಿ ಎಲ್ಲರ ಮನೆಯಲ್ಲಿಯೂ ಇದೆ. ಅದೇ ಅದರ ಗುಟ್ಟು.

ನಮ್ಮ ನಾಡಿನಲ್ಲಿ ಈ ಮಣ್ಣಿನ ಬಂಡಿಯ ಪಂಥದವರನ್ನು ಹುಡುಕಿದರೆ ಚನ್ನಪಟ್ಟಣದ ಬೊಂಬೆಯ ಕೆಲಸಗಾರರನ್ನು ಮೊದಲು ನೆನೆಯಬೇಕು. ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ತಂದು ಕಲಿಸಿದರೆಂದು ಅಲ್ಲಿನವರು ಗೌರವದಿಂದ ಹೇಳುತ್ತಾರೆ. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಕಾವಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ತಾಳೆ ಎಲೆಯಿಂದ ತೀಡಿದರೆ ಹೊಳಪು ಬರುತ್ತದೆ. ಕನ್ನಡದ ಎಷ್ಟು ಮಕ್ಕಳ ಮೊದಲ ರೈಲು ಅಲ್ಲಿಂದ ಬಂದಿದೆಯೋ ಲೆಕ್ಕವಿಟ್ಟವರಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಪುಟಾಣಿ ಎಕ್ಸ್‌ಪ್ರೆಸ್ ಹತ್ತಿದ ನೆನಪನ್ನು ಎದೆಯಲ್ಲಿಟ್ಟುಕೊಂಡು ದೊಡ್ಡವರಾದವರೂ ಅನೇಕರುಂಟು. ನೆರೆಯ ಪುಣೆಯಲ್ಲಿ ಭಾವುಸಾಹೇಬ ಜೋಶಿಯವರು ತಮ್ಮ ಹವ್ಯಾಸವನ್ನೇ ಸಂಗ್ರಹಾಲಯವಾಗಿ ಬೆಳೆಸಿ ೧೯೯೮ರಲ್ಲಿ ಸಾರ್ವಜನಿಕರಿಗೆ ತೆರೆದರು. ಭಾರತದಲ್ಲಿ ಒಬ್ಬ ಗೃಹಸ್ಥ ಇಷ್ಟು ಮಾಡಬಹುದೆಂದು ತೋರಿಸಿಕೊಟ್ಟವರು ಅವರು. ಮೈಕಲ್ ಸಾಟೋ ಎಂಬ ಆಂಗ್ಲ ಗೃಹಸ್ಥರು ಹಳೆಯ ಉಗಿಯಂತ್ರಗಳು ಗುಜರಿಗೆ ಹೋಗದಂತೆ ಕಾಡಿ ಬೇಡಿದ ಫಲವಾಗಿ ದೆಹಲಿಯಲ್ಲಿ ೧೯೭೭ರಲ್ಲಿ ರೈಲು ಸಂಗ್ರಹಾಲಯವಾಯಿತು. ಎರಡು ವರ್ಷಗಳ ಮೇಲೆ ಮೈಸೂರಿನಲ್ಲಿಯೂ ಆಯಿತು. ಮೂಲವಿಲ್ಲದಿದ್ದರೆ ಮಾದರಿಯ ಅಳತೆ ತೆಗೆಯುವುದಾದರೂ ಎಲ್ಲಿಂದ? ಹಾಗಾಗಿ ಸಾಟೋ ಅವರೂ ಗುರುಸ್ಥಾನದವರೇ.

ಇನ್ನು ಸಾಹಿತ್ಯದ ಕಡೆಯಿಂದ ಬಂದ ಗುರುವೊಬ್ಬರಿದ್ದಾರೆ. ಆರ್. ಕೆ. ನಾರಾಯಣರ ಮಾಲ್ಗುಡಿ ಅವರ ಮನಸ್ಸಿಗೆ ಮೊದಲು ಬಂದದ್ದು ಒಂದು ಸಣ್ಣ ರೈಲು ನಿಲ್ದಾಣದ ರೂಪದಲ್ಲಿ. ಊರು ಅದರ ಹಿಂದೆ ಬೆಳೆಯಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಶಂಕರನಾಗ್ ಆ ಕಥೆಗಳನ್ನು ದೂರದರ್ಶನಕ್ಕೆ ತಂದಾಗ ನಿಲ್ದಾಣದ ದೃಶ್ಯಗಳಿಗೆ ಮಲೆನಾಡಿನ ಅರಸಾಳನ್ನು ಆರಿಸಿಕೊಂಡರು. ಕಲಾ ನಿರ್ದೇಶಕರಾಗಿದ್ದವರು ಜಾನ್ ದೇವರಾಜ್. ಕಲ್ಪನೆಯ ನಿಲ್ದಾಣಕ್ಕೆ ನಿಜವಾದ ನಿಲ್ದಾಣ ವೇಷ ತೊಟ್ಟಿತು. ೨೦೨೦ರಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಸಂಗ್ರಹಾಲಯವನ್ನಾಗಿ ಮಾಡಿದ ಮೇಲೆ ಯಾವುದು ಮೂಲ, ಯಾವುದು ಪ್ರತಿಕೃತಿ ಎಂಬ ಪ್ರಶ್ನೆಗೆ ಅರ್ಥವೇ ಉಳಿಯಲಿಲ್ಲ. ಮಾದರಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಇರುವುದನ್ನೆಲ್ಲ ಇಡುವುದು ಕಲೆಯಲ್ಲ, ಬಿಡಬೇಕಾದುದನ್ನು ಬಿಡುವುದು ಕಲೆ. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ರೈಲಿನ ದಾರಿ ಎಂಬತ್ತು ಕಿಲೋಮೀಟರಿಗೆ ಮೇಲ್ಪಟ್ಟದ್ದು. ಎಂಬತ್ತೇಳರ ಪ್ರಮಾಣದಲ್ಲಿ ಅದನ್ನು ಇಳಿಸಿದರೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಕೋಣೆ ಬೇಕು! ನಂದಿಬೆಟ್ಟ ಸಮುದ್ರಮಟ್ಟದಿಂದ ೧,೪೭೮ ಮೀಟರ್ ಎತ್ತರ. ಬಯಲಿನಿಂದ ಮೇಲೆದ್ದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಮಾದರಿಯ ಬೆಟ್ಟ ಮಾಳಿಗೆಯನ್ನು ಭೇದಿಸಿಕೊಂಡು ಹೋಗುತ್ತದೆ. ಆದ್ದರಿಂದ ಬೆಟ್ಟ ಗೋಡೆಯ ಮೇಲಿನ ಬಣ್ಣವಾಗಬೇಕು, ದಾರಿ ಎರಡು ಮಾರು ಆಗಬೇಕು. ಕಾದಂಬರಿಕಾರನು ಹತ್ತು ವರ್ಷವನ್ನು ಒಂದು ವಾಕ್ಯದಲ್ಲಿ ದಾಟಿಸಿ, ಒಂದು ಸಂಜೆಯನ್ನು ಅಧ್ಯಾಯವಾಗಿ ಹರಡುವುದು ಇದೇ ನ್ಯಾಯದಿಂದ.

ಚಿಕ್ಕಬಳ್ಳಾಪುರ-ಕೋಲಾರದ ದಾರಿಯ ಹೆಸರನ್ನು ನಾನು ಸುಮ್ಮನೆ ಎತ್ತಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರ ಅವಧಿಯಲ್ಲಿ ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳನ್ನು ಪೋಣಿಸುವ ಕಿರುಹಳಿಯ ರೈಲು ಈ ಬಯಲುಸೀಮೆಗೆ ಬಂದಿತು. ಹಳಿಯ ಅಗಲ ಎರಡೂವರೆ ಅಡಿ. ಮುದ್ದೇನಹಳ್ಳಿಯ ಅವರ ಮನೆಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಅಧ್ಯಾಪಕರು ಕನ್ನಂಬಾಡಿಯ ವಿಚಾರವನ್ನು ತಪ್ಪದೆ ಹೇಳುತ್ತಾರೆ. ಕೂಗಳತೆಯಲ್ಲಿ ಹಾದುಹೋಗುತ್ತಿದ್ದ ಈ ಬಡರೈಲಿನ ಮಾತನ್ನು ಹೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಅದಕ್ಕೆ 'ಸಣ್ಣರೈಲು' ಎಂದೇ ಹೆಸರು. ಅದರ ವೇಗವನ್ನು ಕುರಿತು ಊರಿನಲ್ಲಿದ್ದ ಹಾಸ್ಯಗಳನ್ನು ಅಚ್ಚುಹಾಕಿಸಿದರೆ ಒಂದು ಪುಸ್ತಕವಾದೀತು. ೧೯೯೦ರ ದಶಕದಲ್ಲಿ ಅದು ನಿಂತಿತು. ದೊಡ್ಡ ಹಳಿ ಬಿದ್ದು, ಕೋಲಾರದವರೆಗೆ ಮತ್ತೆ ರೈಲು ಓಡಿದ್ದು ೨೦೧೩ರಲ್ಲಿ.

ದೊಡ್ಡ ಹಳಿ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ರೈತ ತನ್ನ ದ್ರಾಕ್ಷಿಯನ್ನೂ ಗೂಡನ್ನೂ ಗಳಿಗೆಗೆ ಸರಿಯಾಗಿ ಪೇಟೆಗೆ ಮುಟ್ಟಿಸಬೇಕಾದ ಕಾಲದಲ್ಲಿ ಸಣ್ಣರೈಲಿಗಾಗಿ ಕಣ್ಣೀರಿಡುವುದು ಹೊಟ್ಟೆ ತುಂಬಿದವರ ಲಕ್ಷಣ. ನನ್ನ ಆಕ್ಷೇಪಣೆ ಬೇರೆ. ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದು ಸೀಮೆಯ ಮದುವೆ, ಸಂತೆ, ಪರೀಕ್ಷೆ, ಆಸ್ಪತ್ರೆಗಳಿಗೆಲ್ಲ ಸಾಕ್ಷಿಯಾಗಿದ್ದ ಒಂದು ವ್ಯವಸ್ಥೆ ಹೊರಟುಹೋದಾಗ, ಅದರ ಒಂದು ಪ್ರತಿಕೃತಿಯನ್ನಾದರೂ ನಾವು ಈ ಸೀಮೆಯಲ್ಲಿ ಮಾಡಿಟ್ಟುಕೊಳ್ಳಲಿಲ್ಲವೆಂಬುದು. ಯಲಹಂಕ ಮತ್ತು ಚಿಕ್ಕಬಳ್ಳಾಪುರಗಳ ನಡುವಿನ ನಂದಿ ಹಾಲ್ಟ್ ಮುಂತಾದ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆಯವರು ಕೈಹಾಕಿರುವುದು ಸಂತೋಷದ ವಿಷಯ. ಆದರೆ ಕಟ್ಟಡವು ಉಳಿದರೆ ಗೋಡೆ ಉಳಿಯಿತು. ಪ್ಲಾಟ್‌ಫಾರಮ್ಮಿನ ಮೇಲೆ ಯಾರು ಎಲ್ಲಿ ಕುಳಿತಿದ್ದರು, ಮೂಟೆಗಳನ್ನು ಎಲ್ಲಿ ಒಟ್ಟುತ್ತಿದ್ದರು, ಕಡಲೆಕಾಯಿ ಮಾರುವವಳ ಬುಟ್ಟಿ ಯಾವ ಕಂಬದ ಬುಡದಲ್ಲಿರುತ್ತಿತ್ತು ಎಂಬುದು ಗೋಡೆಯಲ್ಲಿ ಉಳಿಯುವುದಿಲ್ಲ. ಅದನ್ನು ಉಳಿಸಬಲ್ಲದ್ದು ಕಥೆ, ಇಲ್ಲವೇ ಮಾದರಿ.

ಈ ಕೆಲಸ ಮಾಡಬಲ್ಲ ಕೈಗಳು ನಮ್ಮ ನಡುವೆ ಇಲ್ಲದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ, ನೂಲು ಬಿಚ್ಚುವ ಮನೆತನದ ಹುಡುಗ, ತಾತನ ಬಾಯಲ್ಲಿ ಕೇಳಿದಷ್ಟನ್ನೇ ಆಧಾರವಾಗಿಟ್ಟುಕೊಂಡು ಶಿಡ್ಲಘಟ್ಟದ ಹಳೆಯ ನಿಲ್ದಾಣವನ್ನು ರಟ್ಟಿನಲ್ಲಿ ಕಟ್ಟಿದ್ದ. ಹೆಂಚುಗಳನ್ನು ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿ ಒಂದೊಂದಾಗಿ ಅಂಟಿಸಿದ್ದ. ಅದನ್ನು ಹೊತ್ತುಕೊಂಡು ಒಂದು ಕಾಲೇಜಿನ ವಸ್ತುಪ್ರದರ್ಶನಕ್ಕೆ ಹೋದರೆ, "ಇದರಲ್ಲಿ ವಿಜ್ಞಾನದ ತತ್ತ್ವವೇನು ಬಂತಪ್ಪ?" ಎಂದು ಕೇಳಿ ಅವರು ಹೊರಗಿನ ಮೊಗಸಾಲೆಯಲ್ಲಿಡಿಸಿದರಂತೆ. ಒಳಗೆ ಅಡಿಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿಗಳು ಮೂರು ಇದ್ದುವಂತೆ. ಸಂಜೆಯ ಮಳೆಯಲ್ಲಿ ರಟ್ಟು ನೆನೆದು ಮಾಳಿಗೆ ಕುಸಿಯಿತು. ಹುಡುಗ ಬೇಸರವನ್ನು ತೋರಿಸಿಕೊಳ್ಳಲಿ‍ಲ್ಲ. "ಬಿಡಿ ಸಾರ್, ಮನೇಲೂ ಇದನ್ನೇ ಅಂತಾರೆ" ಎಂದ. ಆ ಮಾತು ನನಗೆ ಮಳೆಗಿಂತ ಹೆಚ್ಚು ತಣ್ಣಗೆ ಮುಟ್ಟಿತು.

ವಿಜ್ಞಾನದ ತತ್ತ್ವವನ್ನೇ ಕೇಳುವುದಾದರೆ ಅದೂ ಇದೆ. ಎರಡೂವರೆ ಅಡಿಯೆಂದರೆ ೭೬೨ ಮಿಲಿಮೀಟರ್. ಅದನ್ನು ೮೭ರಿಂದ ಭಾಗಿಸಿದರೆ ೮.೭೬ ಬರುತ್ತದೆ. ಒಂಬತ್ತು ಮಿಲಿಮೀಟರ್ ಅಗಲದ ಹಳಿಗಳು ಇನ್ನೊಂದು ಜಾತಿಯ ಕಿರುರೈಲಿಗಾಗಿ ತಯಾರಾಗಿ ಪ್ರಪಂಚದ ಅಂಗಡಿಗಳಲ್ಲಿ ದೊರೆಯುತ್ತವೆ. ಕಾಲು ಮಿಲಿಮೀಟರಿನ ಅಂತರ ಕಣ್ಣಿಗೆ ಕಾಣುವಂಥದಲ್ಲ. ನಮ್ಮ ಈಗಿನ ದೊಡ್ಡ ಹಳಿಯ ಅಗಲ ೧,೬೭೬ ಮಿಲಿಮೀಟರ್. ಅದೇ ಪ್ರಮಾಣದಲ್ಲಿ ೧೯.೩ ಆಗುತ್ತದೆ. ಆ ಅಗಲದ ಸಿದ್ಧ ಹಳಿ ಸಿಗದೆ ಹವ್ಯಾಸಿಗಳು ಪರದೇಶದ ೧೬.೫ ಮಿಲಿಮೀಟರಿನ ಹಳಿಯ ಮೇಲೆಯೇ ಭಾರತದ ರೈಲುಗಳನ್ನು ಓಡಿಸಿ ತೃಪ್ತಿಪಡುತ್ತಾರೆ. ಎಂದರೆ, ಶತಾಬ್ದಿ ಎಕ್ಸ್‌ಪ್ರೆಸ್ಸಿನ ಮಾದರಿಗಿಂತ ನಮ್ಮ ಸಣ್ಣರೈಲಿನ ಮಾದರಿಯೇ ಹೆಚ್ಚು ಸತ್ಯಕ್ಕೆ ಹತ್ತಿರವಾಗಿ ಬರುವ ಸಂಭವವಿದೆ. ಭಿನ್ನರಾಶಿ, ಪ್ರಮಾಣ, ವಿದ್ಯುತ್ತು, ಇಳಿಜಾರು, ಬಡಗಿಯ ಕೆಲಸ, ಬಣ್ಣದ ಕೆಲಸ, ಊರ ಚರಿತ್ರೆ, ಇವು ಒಂದೇ ಹಲಗೆಯ ಮೇಲೆ ಸೇರುವ ಇನ್ನೊಂದು ಪಾಠ ನನಗೆ ಗೊತ್ತಿಲ್ಲ. ಹಣದ ಮಾತೆತ್ತುವವರುಂಟು. ಪರದೇಶದ ಇಂಜಿನ್ನು ದುಬಾರಿ ಹೌದು. ಆದರೆ ಇಂಜಿನ್ನು ಒಂದೇ ಸಾಕು, ಅದೂ ಕೊನೆಗೆ. ಅಹರ್ನ್ ಹೇಳಿಕೊಟ್ಟದ್ದೂ ನಮ್ಮ ಅಜ್ಜಿ ಮಾಡಿದ್ದೂ ಊರನ್ನು ಮೊದಲು ಕಟ್ಟುವುದನ್ನು. ಊರಿಗೆ ಬೇಕಾದ ರಟ್ಟು, ಮರಳು, ಬಿದಿರು, ರಾಗಿಗಳಿಗೆ ನಮ್ಮಲ್ಲಿ ಅಭಾವವಿಲ್ಲ.

ಆದುದರಿಂದ ಜಿಲ್ಲೆಯ ಕಾಲೇಜುಗಳಲ್ಲಿ ಯಾವುದಾದರೊಂದು ತನ್ನ ಒಂದು ಕೋಣೆಯನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ನಾನು ಬಹಿರಂಗವಾಗಿಯೇ ಕೇಳುತ್ತೇನೆ. ಸ್ಮಾರಕಸಮಿತಿ, ಶಂಕುಸ್ಥಾಪನೆ, ಅಭಿನಂದನ ಗ್ರಂಥ ಯಾವುದೂ ಬೇಡ. ಎರಡು ಮಾರು ಹಲಗೆ, ಬೀಗವಿರುವ ಬಾಗಿಲು, ಸೋರದ ಮಾಳಿಗೆ ಸಾಕು. ಗಣಿತದವರು ಅಳತೆಗೆ ಬರಲಿ, ಇತಿಹಾಸದವರು ದಾಖಲೆಗೆ ಬರಲಿ, ಕನ್ನಡದವರಾದ ನಾವು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಬರುತ್ತೇವೆ. ಮುಖ್ಯವಾಗಿ ಮನೆಗಳಲ್ಲಿ ಇನ್ನೂ ಗೊಂಬೆ ಕೂರಿಸುವ ತಾಯಂದಿರನ್ನು ಕರೆಯಬೇಕು. ಕನ್ನಡಿಯನ್ನು ಎಷ್ಟು ಓರೆಯಾಗಿಟ್ಟರೆ ಕೆರೆ ದೊಡ್ಡದಾಗುತ್ತದೆಂಬುದನ್ನು ಇಂಜಿನಿಯರಿಂಗ್ ಪದವೀಧರರಿಗೆ ಅವರು ಹೇಳಿಕೊಡಲಿ.

ಕೆಲಸಕ್ಕೆ ಕಾಲಾವಕಾಶ ಬಹಳವಿಲ್ಲ. ಆ ಹಳಿಯ ಮೇಲೆ ದುಡಿದವರಲ್ಲಿ ಎಷ್ಟೋ ಜನ ಈಗಾಗಲೇ ತೀರಿಕೊಂಡಿದ್ದಾರೆ. ಪ್ರಯಾಣ ಮಾಡಿದವರಿಗೂ ವಯಸ್ಸಾಯಿತು. ಮೊನ್ನೆ ಹುಡುಗ ತನ್ನ ನಿಲ್ದಾಣವನ್ನು ಮತ್ತೆ ಕಟ್ಟಲು ತೊಡಗಿರುವನೆಂದು ತಿಳಿದು, ಅವನಿಗೆ ನೆರವಾಗಲೆಂದು ಶಿಡ್ಲಘಟ್ಟದ ಮೂವರು ಹಿರಿಯರನ್ನು ವಿಚಾರಿಸಿದೆ. ಟಿಕೆಟ್ಟಿನ ಕಿಟಕಿಯ ಎದುರಿಗೆ, ಜನ ನೆರಳಿಗೆ ನಿಲ್ಲುತ್ತಿದ್ದ ಮರ ಯಾವುದೆಂಬುದು ಪ್ರಶ್ನೆ. ಒಬ್ಬರು ಹುಣಸೆಯೆಂದರು. ಇನ್ನೊಬ್ಬರು ಹೊಂಗೆಯೆಂದರು, ಹೂ ಉದುರಿ ನೆಲವೆಲ್ಲ ಬೆಳ್ಳಗಾಗುತ್ತಿತ್ತೆಂದು ಆಣೆಯಿಟ್ಟರು. ಮೂರನೆಯವರು ತುಸು ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಅಲ್ಲಿ ಮರವೇ ಇರಲಿಲ್ಲ, ತಾವು ನಿಲ್ಲುತ್ತಿದ್ದುದು ಮಾಲುಗಾಡಿಯ ನೆರಳಿನಲ್ಲಿ ಎಂದರು.